ಸೃಷ್ಟಿಕರ್ತನನ್ನು ಒಪ್ಪದ ಮುನಿ

ನಿಂಬರ್ಗಾ, ಆಳಂದ ಕಡೆಯವರು ಕಲಬುರಗಿ ದಾಟಿ ಸೇಡಂ ರಸ್ತೆ ಹಿಡಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡದ ಕೋಟೆ ಕಾಣುತ್ತದೆ. ಒಂಬತ್ತನೆಯ ಶತಮಾನದಲ್ಲಿ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಶಾಲೆಯ ಪಾಠದಲ್ಲಿ ನೀವೆಲ್ಲ ಓದಿದ್ದೀರಿ. ಆ ಚಕ್ರವರ್ತಿ ತಲೆಬಾಗಿ ನಮಿಸಿದ ಗುರು ಜಿನಸೇನಾಚಾರ್ಯರು ನಿಮಗೆ ಗೊತ್ತೇ?

ಕಿವಿ ಚುಚ್ಚಿಸುವ ಮೊದಲೇ ಸನ್ಯಾಸಕ್ಕೆ ಸೇರಿದ ಬಾಲಕ ಅವರು. ರೂಪವಂತರಲ್ಲ, ಮೈಯೂ ಕೃಶ. ಹಾಗೆಂದು ತಾವೇ ಬರೆದುಕೊಂಡಿದ್ದಾರೆ. ಗುರು ವೀರಸೇನರು ಜಯಧವಳಾ ಟೀಕೆಯನ್ನು 20,000 ಶ್ಲೋಕದಷ್ಟು ಬರೆದು ತೀರಿಕೊಂಡಾಗ, ಶಿಷ್ಯ ಇನ್ನೂ 40,000 ಶ್ಲೋಕದಷ್ಟು ಸೇರಿಸಿ ಕ್ರಿ.ಶ. 837ರಲ್ಲಿ ಅದನ್ನು ಪೂರ್ತಿಗೊಳಿಸಿದರು.

ಅನಂತರ ಕೈಗೆತ್ತಿಕೊಂಡದ್ದು ಸಂಸ್ಕೃತದ ಆದಿಪುರಾಣ. ಮೊದಲ ತೀರ್ಥಂಕರನ ಆ ಕಥೆಯ ನಡುವೆ ನಮ್ಮನ್ನು ತಡೆದು ನಿಲ್ಲಿಸುವ ವಾದವೊಂದಿದೆ. ಲೋಕವೇ ಇಲ್ಲದಾಗ ಅದನ್ನು ಮಾಡುವವನಿಗೆ ನೆಲೆ ಎಲ್ಲಿತ್ತು, ಸಾಮಗ್ರಿ ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ. ಯಾವ ಕೊರತೆಯೂ ಇಲ್ಲದವನಿಗೆ ಸೃಷ್ಟಿಯ ಆಸೆ ಏಕೆ ಹುಟ್ಟಬೇಕು? ಕರುಣೆಯಿಂದ ಮಾಡಿದ ಎನ್ನುವುದಾದರೆ ಇಷ್ಟೊಂದು ದುಃಖ ಏಕೆ? ಲೋಕಕ್ಕೆ ಆದಿಯೂ ಇಲ್ಲ, ಕರ್ತನೂ ಇಲ್ಲ ಎಂಬುದು ಅವರ ತೀರ್ಮಾನ. ಹಾಗೆಂದು ಅವರನ್ನು ಭಕ್ತಿಯಿಲ್ಲದವರ ಸಾಲಿಗೆ ಸೇರಿಸಬೇಡಿ. ಅದೇ ಗ್ರಂಥದಲ್ಲಿ ಜಿನನನ್ನು 1,008 ಹೆಸರುಗಳಿಂದ ಸ್ತುತಿಸಿದ್ದಾರೆ!

ಗುರುಮಠದಲ್ಲಿ ತತ್ವಶಾಸ್ತ್ರ ಕಲಿತ ನಾವು ಉತ್ತರಕ್ಕಾಗಿ ನಾಲ್ಕು ಶತಮಾನ ಮುಂದೆ ಬಂದು ಸಂತ ಥಾಮಸ್ ಅಕ್ವಿನಾಸರ ಬಳಿ ಹೋಗುತ್ತೇವೆ. ಅವರು ಹೇಳುವ ದೇವರು ಮಣ್ಣು ಹುಡುಕುವ ಕುಂಬಾರನಲ್ಲ, ಎಲ್ಲಕ್ಕೂ ಇರವನ್ನೇ ಕೊಡುವಾತ. ನೆಲೆ, ಸಾಮಗ್ರಿಗಳ ಆಕ್ಷೇಪ ಅಲ್ಲಿ ನಾಟುವುದಿಲ್ಲ. ಆತ ಸೃಷ್ಟಿಸುವುದು ಕೊರತೆ ತುಂಬಿಕೊಳ್ಳಲು ಅಲ್ಲ, ತನ್ನ ಒಳ್ಳೆಯತನವನ್ನು ಹಂಚಲು. ಲೋಕಕ್ಕೆ ಆದಿಯಿದೆ ಎಂಬುದನ್ನು ತರ್ಕದಿಂದ ಸಾಧಿಸಲಾಗದು, ಅದು ವಿಶ್ವಾಸದ ಮಾತು ಎಂದೂ ಅಕ್ವಿನಾಸರು ಒಪ್ಪುತ್ತಾರೆ. ಜಿನಸೇನರಿಗೆ ಇದು ಸಣ್ಣ ಗೆಲುವಲ್ಲ.

ದುಃಖದ ಪ್ರಶ್ನೆಯೋ, ಹಾಗೆ ಸುಲಭವಾಗಿ ಜಾರುವಂಥದ್ದಲ್ಲ. ದೇವರ ಇರವಿಗೆ ಐದು ಮಾರ್ಗಗಳನ್ನು ತೋರಿಸುವ ಮುನ್ನ ಅಕ್ವಿನಾಸರೇ ಮೊದಲ ಆಕ್ಷೇಪವಾಗಿ ಕೆಡುಕನ್ನು ಎದುರಿಗಿಟ್ಟುಕೊಂಡರು. ಕೆಡುಕಿನಿಂದಲೂ ದೇವರು ಒಳಿತನ್ನು ತರಬಲ್ಲ ಎಂಬುದು ಅವರ ಉತ್ತರ. ನಾನು ಅದನ್ನು ನಂಬುತ್ತೇನೆ. ಆದರೆ ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಯ ಮುಂದೆ ಅದನ್ನು ಪಾಠದಂತೆ ಒಪ್ಪಿಸಲು ನಾಲಿಗೆ ಏಳುವುದಿಲ್ಲ. ಹಿಂದಿನ ಕರ್ಮದ ಫಲ ಎಂಬ ಜಿನಸೇನರ ಉತ್ತರವಾದರೂ ಅವಳನ್ನು ಸಂತೈಸೀತೇ? ನೀವೇ ಹೇಳಿ.

ಆದಿಪುರಾಣದ 42 ಪರ್ವ ಮುಗಿಸಿ, 43ನೆಯದರ ಮೂರು ಶ್ಲೋಕ ಬರೆಯುವಷ್ಟರಲ್ಲಿ ಜಿನಸೇನರು ಕಾಲವಾದರು. ಗುರುವಿನ ಗ್ರಂಥವನ್ನು ಅವರು ಮುಗಿಸಿದಂತೆ, ಅವರ ಗ್ರಂಥವನ್ನು ಶಿಷ್ಯ ಗುಣಭದ್ರರು ಮುಗಿಸಿದರು. ಅದೇ ಕಥೆಯನ್ನು 941ರಲ್ಲಿ ಪಂಪ ಕನ್ನಡದಲ್ಲಿ ಹಾಡಿದ.