ನೆರಳಿನಲ್ಲಿ ಕುಳಿತ ತಂದೆ

ನಮ್ಮ ಕಾಲೇಜಿನ ಪುಸ್ತಕಭಂಡಾರದ ಮೂಲೆಯ ಬೀರುವಿನಲ್ಲಿ ಪಾಶ್ಚಾತ್ಯ ಚಿತ್ರಕಲೆಯನ್ನು ಕುರಿತ ದೊಡ್ಡದೊಂದು ಸಂಪುಟವಿದೆ. ಕನ್ನಡ ಕಲಿಸುವವನಿಗೆ ಅದರಲ್ಲೇನು ಕೆಲಸವೆಂದು ಕೇಳುವ ಮಿತ್ರರಿದ್ದಾರೆ. ರಸವಿಚಾರವನ್ನು ಪಾಠ ಹೇಳುವಾಗ, ವೀರವೂ ಕರುಣವೂ ಒಂದೇ ಕೃತಿಯಲ್ಲಿ ಎದುರುಬದುರಾಗಿ ನಿಂತರೆ ಯಾವುದು ಅಂಗಿ, ಯಾವುದು ಅಂಗ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಆ ಸಂಪುಟದ ಒಂದು ಪುಟವನ್ನು ತೆರೆದು ವಿದ್ಯಾರ್ಥಿಗಳ ಮುಂದಿಡುತ್ತೇನೆ. ಅದು ಫ್ರೆಂಚ್ ಚಿತ್ರಕಾರ ಝಾಕ್ ಲೂಯಿ ದಾವೀದನು 1789ರಲ್ಲಿ ಬರೆದು ಮುಗಿಸಿದ ಬ್ರೂಟಸನ ಚಿತ್ರ. ಮೂಲಚಿತ್ರ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ; ಎತ್ತರ ಮೂರು ಮೀಟರಿಗೂ ಹೆಚ್ಚು, ಅಗಲ ನಾಲ್ಕು ಮೀಟರಿಗೂ ಹೆಚ್ಚು. ನನಗೆ ಲಭಿಸಿರುವುದು ಅಂಗೈಯಗಲದ ಅಚ್ಚು ಮಾತ್ರ. ಆದರೂ ಅದನ್ನು ನೋಡಿದಾಗಲೆಲ್ಲ ಮಾತು ತಾನಾಗಿಯೇ ತಗ್ಗುತ್ತದೆ.

ಸೀಸರನನ್ನು ಇರಿದ ಬ್ರೂಟಸನಲ್ಲ ಇವನು. ಅವನಿಗಿಂತ ನಾಲ್ಕು ಶತಮಾನಗಳಿಗೂ ಹಿಂದಿನವನು. ರೋಮಿನ ಕಡೆಯ ಅರಸನನ್ನು ಹೊರದೂಡಿ, ಕ್ರಿ.ಪೂ. 509ರಲ್ಲಿ ಗಣರಾಜ್ಯವನ್ನು ಸ್ಥಾಪಿಸಿದನೆಂದು ಐತಿಹ್ಯ ಕೊಂಡಾಡುವ ಲೂಷಿಯಸ್ ಜೂನಿಯಸ್ ಬ್ರೂಟಸ್. ಅರಸನನ್ನು ಮರಳಿ ಕರೆತರುವ ಪಿತೂರಿಯಲ್ಲಿ ಅವನ ಇಬ್ಬರು ಮಕ್ಕಳೇ ಸೇರಿದ್ದುದು ಬಯಲಾಯಿತು. ದಂಡನೆ ವಿಧಿಸಬೇಕಾದ ಅಧಿಕಾರಸ್ಥಾನದಲ್ಲಿ ಕುಳಿತಿದ್ದವನು ತಂದೆಯೇ. ಅವನು ಮರಣದಂಡನೆ ವಿಧಿಸಿದನು. ಅದು ನೆರವೇರುವುದನ್ನು ಎದುರಿಗಿದ್ದು ನೋಡಿದನು.

ಬೇರೊಬ್ಬ ಚಿತ್ರಕಾರನಾಗಿದ್ದರೆ ಆ ವಧಾಸ್ಥಾನವನ್ನೇ ಚಿತ್ರಿಸುತ್ತಿದ್ದನೇನೋ. ದಾವೀದನು ಆರಿಸಿಕೊಂಡದ್ದು ಅನಂತರದ ಗಳಿಗೆಯನ್ನು. ತಂದೆ ಮನೆಗೆ ಹಿಂದಿರುಗಿದ್ದಾನೆ. ಅವನ ಹಿಂದೆ ರಾಜಭಟರು ಮಕ್ಕಳ ಶವಗಳನ್ನು ಹೊತ್ತು ಒಳಗೆ ಬರುತ್ತಿದ್ದಾರೆ. ಬ್ರೂಟಸನು ಚಿತ್ರದ ಎಡಭಾಗದಲ್ಲಿ, ರೋಮ್ ದೇವತೆಯ ಪ್ರತಿಮೆಯ ಅಡಿಯಲ್ಲಿ, ಕತ್ತಲೆಯಲ್ಲಿ ಕುಳಿತಿದ್ದಾನೆ. ಶವಗಳತ್ತ ತಿರುಗಿ ನೋಡುವುದಿಲ್ಲ. ಕೈಯಲ್ಲಿ ಪಿತೂರಿಯ ಪತ್ರ; ಒಂದರ ಮೇಲೊಂದು ಬಿಗಿದ ಪಾದಗಳು ಮಾತ್ರ ಒಳಗಿನ ಸಂಕಟವನ್ನು ಹೇಳುತ್ತವೆ. ಬೆಳಕೆಲ್ಲ ಬಲಭಾಗದ ಹೆಂಗಸರ ಮೇಲೆ. ತಾಯಿ ಎದ್ದು ನಿಂತು ಶವಗಳತ್ತ ಕೈ ಚಾಚಿದ್ದಾಳೆ. ಒಬ್ಬ ಮಗಳು ಅವಳ ಮೈಗೆ ಒರಗಿ ಕುಸಿಯುತ್ತಿದ್ದಾಳೆ, ಇನ್ನೊಬ್ಬಳು ನೋಡಲಾರದೆ ಕೈಯನ್ನು ಅಡ್ಡ ಹಿಡಿದಿದ್ದಾಳೆ. ಇತ್ತಂಡಗಳ ನಡುವೆ ಒಂದು ಬರಿದಾದ ಕುರ್ಚಿ, ಒಂದು ಮೇಜು. ಮೇಜಿನ ಮೇಲೆ ಆಗತಾನೆ ಕೈಬಿಟ್ಟ ಹೊಲಿಗೆಯ ಬುಟ್ಟಿ. ಗಣರಾಜ್ಯದ ಇತಿಹಾಸವನ್ನು ಚಿತ್ರಿಸಹೊರಟವನು ಅದರ ನಟ್ಟನಡುವೆ ಹೊಲಿಗೆಯ ಬುಟ್ಟಿಯನ್ನು ಏಕೆ ಇರಿಸಿದನು? ಇದಕ್ಕೆ ಉತ್ತರ ಹುಡುಕುತ್ತ ನಾನು ಅವನ ಬಾಳನ್ನು ಓದತೊಡಗಿದೆ.

ದಾವೀದನು ಪ್ಯಾರಿಸಿನಲ್ಲಿ 1748ರ ಆಗಸ್ಟ್ 30ರಂದು ಹುಟ್ಟಿದನು. ಒಂಬತ್ತರ ಪ್ರಾಯದಲ್ಲಿ, ತಂದೆ ದ್ವಂದ್ವಯುದ್ಧದಲ್ಲಿ ಮಡಿದನು. ವಾಸ್ತುಶಿಲ್ಪಿಗಳಾಗಿದ್ದ ಸೋದರಮಾವಂದಿರು ಹುಡುಗನನ್ನು ಬೆಳೆಸಿದರು. ಯೌವನದಲ್ಲಿ ಕತ್ತಿವರಸೆಯಾಡುವಾಗ ಕೆನ್ನೆಗೆ ಬಿದ್ದ ಗಾಯ ಗಂಟಾಗಿ ಬೆಳೆದು, ಮುಖವನ್ನು ಸೊಟ್ಟಗೆ ಮಾಡಿ, ಮಾತನ್ನೂ ತೊಡಕಾಗಿಸಿತು. ವಾಗ್ಮಿಗಳೇ ನಾಡನ್ನು ಆಳಲಿದ್ದ ಕಾಲದಲ್ಲಿ ನಾಲಗೆ ತೊಡರುವ ಈ ಮನುಷ್ಯ ಕುಂಚದಿಂದ ಮಾತನಾಡುವುದನ್ನು ಕಲಿತನು. ಗುರು ವಿಯೆನ್ ಅವನಿಗೆ ಪ್ರಾಚೀನರ ಮಾರ್ಗವನ್ನು ತೋರಿದನು. ರೋಮಿಗೆ ಕಳುಹಿಸುವ ರಾಜಬಹುಮಾನದ ಸ್ಪರ್ಧೆಯಲ್ಲಿ ಮೇಲಿಂದ ಮೇಲೆ ಸೋಲು. 1772ರಲ್ಲಿ ಸೋತಾಗ ಕೋಣೆಯ ಬಾಗಿಲಿಕ್ಕಿಕೊಂಡು ಉಪವಾಸದಿಂದ ಸಾಯಲು ನಿಶ್ಚಯಿಸಿದ್ದನು. ಕಡೆಗೆ 1774ರಲ್ಲಿ ಬಹುಮಾನ ಒಲಿಯಿತು.

ರೋಮಿನಲ್ಲಿ ಅವನು ಐದು ವರ್ಷ ಭಗ್ನಶಿಲ್ಪಗಳ ಮುಂದೆ ಕುಳಿತು ರೇಖೆ ತಿದ್ದಿದನು. ಹಿಂದಿರುಗಿದ ಮೇಲೆ 1782ರಲ್ಲಿ, ಅರಮನೆಯ ಕಟ್ಟಡಗಳ ಗುತ್ತಿಗೆದಾರನ ಮಗಳು ಶಾರ್ಲೋತ್ ಪೆಕೂಲಳನ್ನು ಮದುವೆಯಾದನು. ರೋಮನರನ್ನು ರೋಮಿನಲ್ಲಿಯೇ ಚಿತ್ರಿಸಬೇಕೆಂಬ ಹಟದಿಂದ, ಮಾವನ ನೆರವು ಪಡೆದು ಮತ್ತೆ ಅಲ್ಲಿಗೆ ಹೋಗಿ ಹೊರೇಷಿಯರ ಪ್ರತಿಜ್ಞೆಯ ಚಿತ್ರವನ್ನು ಬರೆದನು. ಅದು 1785ರ ಪ್ರದರ್ಶನದಲ್ಲಿ ಪ್ಯಾರಿಸನ್ನು ಬೆರಗುಗೊಳಿಸಿತು. ಹಿಂದಿನ ತಲೆಮಾರಿನ ನಯನಾಜೂಕು, ತಿಳಿಗೆಂಪು ವಿಲಾಸಗಳು ಅಲ್ಲಿಲ್ಲ. ಮೂವರು ಅಣ್ಣತಮ್ಮಂದಿರು ತಂದೆ ಎತ್ತಿಹಿಡಿದ ಕತ್ತಿಗಳತ್ತ ತೋಳು ನೀಡಿ ಆಣೆಯಿಡುತ್ತಾರೆ. ಮೂಲೆಯಲ್ಲಿ ಹೆಂಗಸರು ಕುಗ್ಗಿ ಕುಳಿತಿದ್ದಾರೆ. ಕಾದಾಡುವ ಎರಡು ಮನೆಗಳೂ ಬೀಗರ ಮನೆಗಳು. ಯಾರು ಗೆದ್ದರೂ ಆ ಹೆಂಗಸರಿಗೆ ಸೋಲೇ.

ಬ್ರೂಟಸನ ಚಿತ್ರ ಹುಟ್ಟಿದ್ದು ಅರಸನ ಅಪ್ಪಣೆಯಿಂದ. ಆಸ್ಥಾನ ಒಪ್ಪಿದ್ದ ವಸ್ತು ಬೇರೆ. ದಾವೀದನು ತಾನಾಗಿಯೇ ಅದನ್ನು ಬದಲಿಸಿ ಬ್ರೂಟಸನನ್ನು ಎತ್ತಿಕೊಂಡನು. ಚಿತ್ರ ಮುಗಿಯುವ ಹೊತ್ತಿಗೆ 1789ರ ಜುಲೈ 14ರಂದು ಬಾಸ್ತೀಲ್ ಸೆರೆಮನೆ ಬಿದ್ದಿತ್ತು. ಅರಸನ ಹಣದಿಂದ ಬರೆದ ಚಿತ್ರದಲ್ಲಿ ಜನ ಅರಸೊತ್ತಿಗೆಯ ಅಂತ್ಯವನ್ನು ಕಂಡರು. ಆ ಸೆಪ್ಟೆಂಬರಿನಲ್ಲಿ ಕಲಾವಿದರ ಮನೆಯ ಹೆಂಗಸರು ತಮ್ಮ ಒಡವೆಗಳನ್ನು ರಾಷ್ಟ್ರಸಭೆಗೆ ಒಪ್ಪಿಸಿದರು; ಶಾರ್ಲೋತಳೂ ಅವರಲ್ಲೊಬ್ಬಳು. ಆಗ ಅವರ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಅವಳಿ ಹೆಣ್ಣುಮಕ್ಕಳಿಬ್ಬರು. ಬ್ರೂಟಸನ ಮನೆಯ ಲೆಕ್ಕವೂ ಅದೇ. ಚಿತ್ರ ಬರೆಯುವಾಗ ಆ ಲೆಕ್ಕ ತಂದೆಯ ಮನಸ್ಸಿಗೆ ಬರದೆ ಇದ್ದೀತೆ?

ಮುಂದಿನ ಐದು ವರ್ಷಗಳಲ್ಲಿ ಚಿತ್ರಕಾರನು ತಾನು ಬರೆದ ಚಿತ್ರದೊಳಕ್ಕೆ ಕಾಲಿಟ್ಟನು. 1792ರಲ್ಲಿ ಪ್ರತಿನಿಧಿಸಭೆಗೆ ಆಯ್ಕೆಯಾದನು. 1793ರ ಜನವರಿಯಲ್ಲಿ, ತನಗೆ ಚಿತ್ರಗಳನ್ನು ಬರೆಯಿಸಿದ್ದ ಅರಸನ ಮರಣಕ್ಕೆ ಮತ ಕೊಟ್ಟನು. ಶಾರ್ಲೋತ್ ಅದನ್ನು ಸಹಿಸಲಿಲ್ಲ. ಗಂಡನನ್ನು ಬಿಟ್ಟಳು, 1794ರಲ್ಲಿ ವಿಚ್ಛೇದನವಾಯಿತು. ಅಷ್ಟರಲ್ಲಿ ಅವನು ಸಾಮಾನ್ಯ ಭದ್ರತಾ ಸಮಿತಿಯ ಸದಸ್ಯನಾಗಿ ನೂರಾರು ಬಂಧನದ ಆಜ್ಞೆಗಳಿಗೆ ರುಜು ಹಾಕುತ್ತಿದ್ದನು. ಹೆಂಡತಿಯೊಡನೆ ಕೂರಿಸಿ ಅವನು 1788ರಲ್ಲಿ ಚಿತ್ರಿಸಿದ್ದ ವಿಜ್ಞಾನಿ ಲವಾಸಿಯೆ 1794ರ ಮೇ ತಿಂಗಳಲ್ಲಿ ಗಿಲೊಟೀನಿಗೆ ತಲೆಯೊಡ್ಡಿದನು. ಗೆಳೆಯ ಮಾರಾನನ್ನು ಶಾರ್ಲೋತ್ ಕೋರ್ದೇ ಎಂಬ ತರುಣಿ 1793ರ ಜುಲೈ 13ರಂದು ಸ್ನಾನದ ತೊಟ್ಟಿಯಲ್ಲಿ ಇರಿದು ಕೊಂದಾಗ, ದಾವೀದನು ಬರೆದ ಮರಣಚಿತ್ರ ಜಗತ್ಪ್ರಸಿದ್ಧವಾಯಿತು. ಅದರಲ್ಲಿ ಕರುಣವಿದೆ, ಮೌನವಿದೆ. ಸತ್ತವನ ಕೈಯಿಂದ ಹೋದ ತಲೆಗಳ ನೆನಪು ಮಾತ್ರ ಇಲ್ಲ. ಕೊಂದವಳು ಒಂದು ಪತ್ರವಾಗಿ ಮಾತ್ರ ಉಳಿದಿದ್ದಾಳೆ. ಹೊರೇಷಿಯರ ಮನೆಯಲ್ಲಿ, ಬ್ರೂಟಸನ ಮನೆಯಲ್ಲಿ ಅಳಲು ಹೆಂಗಸರಿದ್ದರು. ಇಲ್ಲಿ ಅಳುವವರೂ ಇಲ್ಲ.

ಅವನು 1787ರಲ್ಲಿ ಸಾಕ್ರಟೀಸನ ಮರಣವನ್ನೂ ಚಿತ್ರಿಸಿದ್ದನು. 1794ರ ಜುಲೈ 26ರ ರಾತ್ರಿ, ರೋಬೆಸ್‌ಪಿಯರನು ವಿಷ ಕುಡಿಯಬೇಕಾಗಿ ಬಂದರೆ ತಾನೂ ಜೊತೆಗೆ ಕುಡಿಯುವೆನೆಂದು ತುಂಬಿದ ಸಭೆಯಲ್ಲಿ ಸಾರಿದನು. ಮರುದಿನ ರೋಬೆಸ್‌ಪಿಯರನು ಬಿದ್ದಾಗ ಸಭೆಯಲ್ಲಿ ದಾವೀದನಿರಲಿಲ್ಲ. ಮೈ ಸ್ವಸ್ಥವಿಲ್ಲವೆಂದು ಮನೆಯಲ್ಲಿ ಉಳಿದಿದ್ದನು. ಆ ಗೈರುಹಾಜರಿಯೇ ಬಹುಶಃ ಅವನ ತಲೆಯನ್ನು ಕಾಯಿತು. ಕೆಲವೇ ದಿನಗಳಲ್ಲಿ ಅವನನ್ನು ಬಂಧಿಸಿದರು. ಇನ್ನು ಮುಂದೆ ವ್ಯಕ್ತಿಗಳನ್ನು ಬಿಟ್ಟು ತತ್ತ್ವಗಳನ್ನು ಮಾತ್ರ ಅನುಸರಿಸುವೆನೆಂದು ಅವನು ಬೇಡಿಕೊಂಡುದನ್ನು ಓದುವಾಗ, ಸಾಕ್ರಟೀಸನನ್ನು ಚಿತ್ರಿಸಿದ ಕೈ ಇದೇ ಏನು ಎಂದು ಮನಸ್ಸು ಕುಗ್ಗುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆರೆಯಲ್ಲಿದ್ದವನನ್ನು ಕಾಣಲು, ಅವನ ಬಿಡುಗಡೆಗಾಗಿ ಬೇಡಲು ಬಂದವಳು ಶಾರ್ಲೋತ್. ಅವನ ರಾಜಕೀಯವನ್ನು ಅವಳು ಒಪ್ಪಿರಲಿಲ್ಲ, ಆದರೂ ಬಂದಳು. 1796ರಲ್ಲಿ ಅವರಿಬ್ಬರೂ ಎರಡನೆಯ ಸಲ ಮದುವೆಯಾದರು. ಸೆರೆಯಲ್ಲಿ ಮೊಳೆತ ಕಲ್ಪನೆಯಿಂದ 1799ರಲ್ಲಿ ಸಬೈನ್ ಸ್ತ್ರೀಯರ ಚಿತ್ರ ಮೂಡಿತು. ರೋಮನರು ಒಂದು ಕಡೆ, ಸಬೈನರು ಇನ್ನೊಂದು ಕಡೆ. ಗಂಡನಿಗೂ ತಂದೆಗೂ ನಡುವೆ ಹೆರ್ಸೀಲಿಯಾ ಎರಡೂ ತೋಳುಗಳನ್ನು ಚಾಚಿ ನಿಂತಿದ್ದಾಳೆ. ಅವಳ ಕಾಲಬಳಿ ಎಳೆಗೂಸುಗಳು. ಎಂದೂ ಮೂಲೆಯಲ್ಲಿ ಕುಳಿತು ಅಳುತ್ತಿದ್ದ ಹೆಣ್ಣು ಈ ಸಲ ಚಿತ್ರದ ನಡುವಿಗೆ ಬಂದು ಕತ್ತಿಗಳನ್ನು ತಡೆದಳು. ಹತ್ತು ವರ್ಷಗಳ ಹಿಂದೆ ಹೊಲಿಗೆಯ ಬುಟ್ಟಿಯಿದ್ದ ಜಾಗ ಅದು.

ತತ್ತ್ವಗಳನ್ನು ಮಾತ್ರ ಅನುಸರಿಸುವೆನೆಂದವನು ಬಹುಬೇಗ ನೆಪೋಲಿಯನನನ್ನು ಅನುಸರಿಸಿದನು. 1804ರಲ್ಲಿ ಚಕ್ರವರ್ತಿಯ ಪ್ರಥಮ ಚಿತ್ರಕಾರನಾದನು. ಹತ್ತು ಮೀಟರಿನಷ್ಟು ಅಗಲದ ಪಟ್ಟಾಭಿಷೇಕದ ಚಿತ್ರದಲ್ಲಿ, ಸಮಾರಂಭಕ್ಕೆ ಬಾರದಿದ್ದ ಚಕ್ರವರ್ತಿಯ ತಾಯಿಯನ್ನೂ ಬಂದಂತೆ ಕೂರಿಸಿದನು. ಅದರಲ್ಲಿ ಮಂಡಿಯೂರಿ ಕಿರೀಟಕ್ಕೆ ತಲೆಬಾಗಿರುವ ಜೋಸೆಫೀನಳ ಮೊದಲ ಗಂಡ, ದಾವೀದನ ಸಮಿತಿ ಅಧಿಕಾರದಲ್ಲಿದ್ದಾಗಲೇ ಗಿಲೊಟೀನಿಗೆ ಬಲಿಯಾದವನು. ನೆಪೋಲಿಯನ್ ಬಿದ್ದ ಮೇಲೆ, 1816ರಲ್ಲಿ, ಅರಸನ ಮರಣಕ್ಕೆ ಕೊಟ್ಟ ಮತಕ್ಕಾಗಿ ಅವನಿಗೆ ದೇಶಾಂತರವಾಯಿತು. ಬ್ರಸೆಲ್ಸಿನಲ್ಲಿ ನೆಲಸಿದನು. ಅಂಗಲಾಚಿದ್ದರೆ ಹಿಂದಿರುಗಬಹುದಾಗಿತ್ತು; ಶಿಷ್ಯರು ಒತ್ತಾಯಿಸಿದರು; ಅವನು ಒಪ್ಪಲಿಲ್ಲ. ಸೆರೆಯಲ್ಲಿ ಬಾಗಿದ್ದ ತಲೆ ಮುಪ್ಪಿನಲ್ಲಿ ನೆಟ್ಟಗಾಯಿತು. 1825ರ ಡಿಸೆಂಬರ್ 29ರಂದು ಅಲ್ಲಿಯೇ ತೀರಿಕೊಂಡನು. ದೇಹಕ್ಕೆ ಫ್ರಾನ್ಸಿನೊಳಗೆ ಪ್ರವೇಶ ದೊರೆಯಲಿಲ್ಲ. ಹೃದಯವೊಂದನ್ನು ಮಾತ್ರ ಪ್ಯಾರಿಸಿಗೆ ತಂದು, 1826ರಲ್ಲಿ ತೀರಿಕೊಂಡ ಶಾರ್ಲೋತಳ ಸಮಾಧಿಯಲ್ಲಿ ಇರಿಸಿದರು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: ಇಷ್ಟು ಜನರ ಬಂಧನಕ್ಕೆ ರುಜು ಹಾಕಿದವನ ಚಿತ್ರವನ್ನು ನಾವೇಕೆ ಮೆಚ್ಚಬೇಕು? ನಾನು ಆ ದಿನ ಕಾವ್ಯ ಬೇರೆ, ಕವಿ ಬೇರೆ ಎಂಬ ಹಳೆಯ ಉತ್ತರವನ್ನೇ ಕೊಟ್ಟೆ. ಅವಳು ಸುಮ್ಮನೆ ಕುಳಿತಳು. ಅವಳಿಗೆ ಒಪ್ಪಿಗೆಯಾಗಲಿಲ್ಲ ಎಂಬುದು ತಿಳಿಯುತ್ತಿತ್ತು. ನನಗೂ ಆಗಲಿಲ್ಲ. ಈಗ ಕೇಳಿದ್ದರೆ ಹೀಗೆ ಹೇಳಿಯೇನು: ಆ ರುಜುಗಳನ್ನು ಮರೆತು ಚಿತ್ರವನ್ನು ನೋಡಬೇಕಾಗಿಲ್ಲ, ನೆನೆದೇ ನೋಡಬೇಕು. ತತ್ತ್ವಕ್ಕಾಗಿ ಮಕ್ಕಳನ್ನು ಕೊಟ್ಟವನನ್ನು ಅವನು ಕತ್ತಲೆಯಲ್ಲಿ ಕೂರಿಸಿದನು, ಅಳುವ ತಾಯಿಗೆ ಬೆಳಕು ಕೊಟ್ಟನು. ಕೈಗೆ ಅದು ತಿಳಿದಿತ್ತು. ಕೈ ಬಲ್ಲದ್ದನ್ನು ಮನುಷ್ಯ ಕಲಿಯಲು ಸೆರೆಮನೆಯೂ ಹೆಂಡತಿಯ ಕ್ಷಮೆಯೂ ಬೇಕಾದವು; ಕಲಿತದ್ದೂ ಪೂರ್ತಿ ನಿಲ್ಲಲಿಲ್ಲ. ಅಂಗಿ ಯಾವುದು, ಅಂಗ ಯಾವುದು ಎಂದು ಪರೀಕ್ಷೆಗೆ ಬರೆಯುವವರು ಬರೆಯಲಿ. ನನ್ನ ಕಣ್ಣು ಮಾತ್ರ ಪ್ರತಿ ಸಲವೂ ಆ ಮೇಜಿನ ಮೇಲಿನ ಬುಟ್ಟಿಯ ಬಳಿ ನಿಲ್ಲುತ್ತದೆ.