ರೋಗಿಯ ಮನಸ್ಸನ್ನರಿತ ದಾದಿ: ಫ್ಲಾರೆನ್ಸ್ ನೈಟಿಂಗೇಲ್

ನನ್ನ ತಂಗಿ ಮಂಗಳೂರಿನಲ್ಲಿ ದಾದಿಯರ ಶಿಕ್ಷಣ ಪಡೆಯುತ್ತಿದ್ದಾಳೆ. ಮೊದಲ ವರ್ಷದ ಪಾಠಗಳಲ್ಲಿ ಅಂಗರಚನಾಶಾಸ್ತ್ರ, ಶರೀರಶಾಸ್ತ್ರಗಳ ಜೊತೆಗೆ ಮನಶ್ಶಾಸ್ತ್ರವೂ ಉಂಟೆಂದು ತಿಳಿದಾಗ ಮೆಲ್ಕಾರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಸೋಜಿಗವಾಯಿತು. ಸೂಜಿ ಚುಚ್ಚಲು, ಗಾಯಕ್ಕೆ ಬಟ್ಟೆ ಕಟ್ಟಲು ಕಲಿಯಹೊರಟವಳಿಗೆ ಮನಸ್ಸಿನ ಶಾಸ್ತ್ರವೇತಕ್ಕೆ ಎಂದು ತಂದೆಯವರು ಕೇಳಿದರು. ನಮ್ಮ ಮನೆತನದಲ್ಲಿ ಮೊದಲು ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನು. ಆದರೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಜ್ಜ ಹಾಸಿಗೆ ಹಿಡಿದರು. ನಮ್ಮ ಮನೆ ಹೆದ್ದಾರಿಗೆ ಸಮೀಪ. ಹಗಲಿರುಳೂ ಲಾರಿಗಳ ಆರ್ಭಟ. ಆ ಸದ್ದಿಗೆ ಅಜ್ಜ ಎಂದೂ ಎಚ್ಚರಗೊಂಡವರಲ್ಲ. ಆದರೆ ನೋಡಲು ಬಂದ ನೆಂಟರಿಷ್ಟರು ಜಗಲಿಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಮಾತಾಡತೊಡಗಿದರೆ ಅವರ ಕಣ್ಣು ತೆರೆಯುತ್ತಿತ್ತು. ಬಳಿಕ ಅವರೇ ಒಳಗೆ ಬಂದು, ಏನೂ ಆಗಿಲ್ಲ, ನಾಳೆಯೇ ತೋಟಕ್ಕೆ ಹೋಗುವಿರಿ ಎಂದು ನಗುತ್ತ ಹೇಳುವರು. ಅಜ್ಜ ಗೋಡೆಯ ಕಡೆಗೆ ಹೊರಳುವರು. ಕ್ರಮೇಣ ಗಂಜಿಯೂ ಬೇಡವಾಯಿತು. ರಜೆಯಲ್ಲಿ ಬಂದ ತಂಗಿ ಜಗಲಿಯ ಪಿಸುಮಾತನ್ನು ನಿಲ್ಲಿಸಿದಳು. ಅಡಿಕೆ ತೋಟ ಕಾಣುವಂತೆ ಮಂಚವನ್ನು ಕಿಟಿಕಿಯ ಬಳಿಗೆ ಸರಿಸಿದಳು. ಅಜ್ಜ ಕೇಳಿದಾಗ ಡಾಕ್ಟರರು ಹೇಳಿದ್ದನ್ನು ಮುಚ್ಚಿಡದೆ ಮೆಲ್ಲನೆ ತಿಳಿಸಿದಳು. ಅಜ್ಜ ಉಳಿಯಲಿಲ್ಲ. ಆದರೆ ಕೊನೆಯ ಮೂರು ವಾರ ಅವರು ನೋಡಿದ್ದು ಗೋಡೆಯನ್ನಲ್ಲ, ತಾವೇ ನೆಟ್ಟ ತೋಟವನ್ನು. ನಮ್ಮೊಡನೆ ಮಾತನ್ನೂ ಆಡಿದರು.

ಇದನ್ನೆಲ್ಲ ನೂರ ಅರುವತ್ತು ವರ್ಷಗಳಿಗೂ ಹಿಂದೆಯೇ ಒಬ್ಬ ಹೆಂಗಸು ಬರೆದಿಟ್ಟಿದ್ದಾಳೆಂದು ತಂಗಿ ಹೇಳಿದಳು. ಕೈಯಲ್ಲಿ ದೀಪ ಹಿಡಿದ ಮಹಿಳೆಯೆಂದು ಪ್ರಾಥಮಿಕ ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ ಫ್ಲಾರೆನ್ಸ್ ನೈಟಿಂಗೇಲಳೇ ಆಕೆ. ಆ ಚಿತ್ರದಾಚೆಗೆ ಆಕೆಯ ಜೀವನವನ್ನು ತಿಳಿಯಲೆಳಸಿದ್ದರ ಫಲ ಈ ಲೇಖನ.

ಫ್ಲಾರೆನ್ಸ್ ಹುಟ್ಟಿದುದು 1820ನೆಯ ಇಸವಿ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ನೈಟಿಂಗೇಲ್ ಇಂಗ್ಲೆಂಡಿನ ಸಿರಿವಂತ ಜಮೀನುದಾರ. ಆತನು ತನ್ನಿಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆ, ತತ್ತ್ವಶಾಸ್ತ್ರಗಳನ್ನೂ ತಾನೇ ಕಲಿಸಿದನು. ಕಿರಿಯಳಿಗೆ ಗಣಿತದಲ್ಲಿ ವಿಶೇಷ ಒಲವು. ಹದಿನಾರನೆಯ ವಯಸ್ಸಿನಲ್ಲಿ, 1837ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ತೋರಿತು. ಆ ಸೇವೆ ರೋಗಿಗಳ ಶುಶ್ರೂಷೆಯೇ ಎಂಬುದು ಸ್ಪಷ್ಟವಾಗಲು ಕೆಲವು ವರ್ಷಗಳು ಹಿಡಿದವು.

ಆದರೆ ಮನೆಯವರು ಒಪ್ಪಲಿಲ್ಲ. ಆ ಕಾಲದಲ್ಲಿ ಅಲ್ಲಿ ದಾದಿಯ ಕೆಲಸವೆಂದರೆ ಬಡ ಹೆಂಗಸರು ಬೇರೆ ಗತಿಯಿಲ್ಲದೆ ಹಿಡಿಯುವ ಕಸಬು. ಕುಡಿತಕ್ಕೂ ಒರಟುತನಕ್ಕೂ ಹೆಸರಾದುದು. ತಾಯಿಯೂ ಅಕ್ಕನೂ ಅತ್ತು ಕರೆದು ತಡೆದರು. ಫ್ಲಾರೆನ್ಸ್ ತನಗೊಲಿದು ಬಂದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಎಂಬ ಗಣ್ಯನನ್ನು ಮದುವೆಯಾಗಲು ನಿರಾಕರಿಸಿದಳು. ಕೊನೆಗೆ 1851ರಲ್ಲಿ, ಮೂವತ್ತು ದಾಟಿದ ಮೇಲೆ, ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿನ ಸೇವಾಶ್ರಮದಲ್ಲಿ ಮೂರು ತಿಂಗಳು ತರಬೇತಿ ಪಡೆಯುವ ಅವಕಾಶ ದೊರೆಯಿತು. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದಳು.

ಮರುವರ್ಷ ಕ್ರಿಮಿಯ ಯುದ್ಧ ಇಂಗ್ಲೆಂಡನ್ನು ಕಲಕಿತು. ಗಾಯಾಳು ಸೈನಿಕರು ಆರೈಕೆಯಿಲ್ಲದೆ ಸಾಯುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಮಂತ್ರಿ ಸಿಡ್ನಿ ಹರ್ಬರ್ಟನು ಆಕೆಯ ನೆರವು ಬೇಡಿದನು. 38 ಮಂದಿ ದಾದಿಯರೊಡನೆ ಹೊರಟ ಆಕೆ 1854ರ ನವೆಂಬರ್ 4ರಂದು ತುರ್ಕಿಯ ಸ್ಕುಟರಿ ಸೇನಾ ಆಸ್ಪತ್ರೆಗೆ ಬಂದಳು. ಅಲ್ಲಿ ಕಂಡದ್ದು ನರಕ: ಕಟ್ಟಿದ ಚರಂಡಿ, ಹೇನು, ಇಲಿ, ಹಾಸಲು ಬಟ್ಟೆಯಿಲ್ಲ, ತೊಳೆಯಲು ನೀರಿಲ್ಲ. ಅಡುಗೆ, ಬಟ್ಟೆ ಒಗೆತ, ದಾಸ್ತಾನು ಎಲ್ಲವನ್ನೂ ಆಕೆ ಕ್ರಮಕ್ಕೆ ತಂದಳು.

ರಾತ್ರಿಯ ಹೊತ್ತು ದೀಪ ಹಿಡಿದು ಸಾಲುಸಾಲು ಹಾಸಿಗೆಗಳ ನಡುವೆ ನಡೆದುದನ್ನು ಲೋಕ ನೆನಪಿಟ್ಟಿತು. ಆದರೆ ಆಕೆಯ ಬೇರೆ ಕೆಲಸಗಳನ್ನು ಗಮನಿಸಬೇಕು. ಸಾಯುವ ಸೈನಿಕನ ಪರವಾಗಿ ಆತನ ಮನೆಗೆ ಕಾಗದ ಬರೆದಳು. ಚೇತರಿಸಿಕೊಳ್ಳುವವರಿಗೆ ವಾಚನಾಲಯ ತೆರೆದಳು. ಕುಡಿದು ಕಳೆಯುತ್ತಿದ್ದ ಸಂಬಳವನ್ನು ಊರಿಗೆ ಕಳುಹಿಸಲು ಏರ್ಪಾಡು ಮಾಡಿದಳು. ಸೈನಿಕನು ಬರಿಯ ಗಾಯವಲ್ಲ, ಮನೆ ನೆನೆಯುವ ಮನುಷ್ಯನೆಂಬುದು ಆಕೆಗೆ ತಿಳಿದಿತ್ತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಆಕೆ ಬಂದ ಮೊದಲ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಮರಣ ಪ್ರಮಾಣ ನೂರಕ್ಕೆ ಸುಮಾರು 42 ಇತ್ತು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ತೊಳೆಯಿಸಿ ಗಾಳಿಬೆಳಕಿಗೆ ದಾರಿ ಮಾಡಿದ ಮೇಲೆ, ಜೂನ್ ತಿಂಗಳಿಗೆ ಅದು ನೂರಕ್ಕೆ 2ರಷ್ಟಾಯಿತು. ಆಹಾರದ ಕೊರತೆಯೇ ಸಾವಿಗೆ ಮುಖ್ಯ ಕಾರಣವೆಂದು ಆಕೆ ಮೊದಲು ನಂಬಿದ್ದಳು. ಊರಿಗೆ ಮರಳಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರನೊಡನೆ ಲೆಕ್ಕ ಬಿಡಿಸಿದಾಗ, ತಾನಿದ್ದ ಆಸ್ಪತ್ರೆಯ ಕೊಳಕೇ ಸಾವಿರಾರು ಜನರನ್ನು ಕೊಂದಿತೆಂದು ಅರಿವಾಯಿತು. ದೇಶವೆಲ್ಲ ಹೊಗಳುತ್ತಿದ್ದಾಗ ಆಕೆ ಆ ಅಂಕಿಗಳನ್ನು ಬಚ್ಚಿಡಲಿಲ್ಲ. ಚಿತ್ರಪಟ ಬರೆದು ಸರಕಾರದ ಮುಂದಿಟ್ಟಳು. ದೀಪಕ್ಕಿಂತ ಇದೇ ದೊಡ್ಡ ಬೆಳಕೆಂದು ನನಗೆ ತೋರುತ್ತದೆ.

ಯುದ್ಧಭೂಮಿಯಲ್ಲಿ ತಗಲಿದ ಜ್ವರ ಆಕೆಯನ್ನು ಪೂರ್ತಿ ಬಿಡಲಿಲ್ಲ. 1857ರಿಂದಾಚೆಗೆ ಬಹುಕಾಲ ಆಕೆ ತಾನೇ ಹಾಸಿಗೆ ಹಿಡಿದ ರೋಗಿ. 1859ರಲ್ಲಿ ಶುಶ್ರೂಷೆಯ ಕುರಿತು ಬರೆದ ಚಿಕ್ಕ ಪುಸ್ತಕದಲ್ಲಿ ದಾದಿಯ ಕಣ್ಣೂ ರೋಗಿಯ ಅನುಭವವೂ ಕೂಡಿವೆ. ಪುಸ್ತಕದ ಸಾರವಿದು: ದೊಡ್ಡ ಸದ್ದಿಗಿಂತ ಅನಾವಶ್ಯಕವಾದ ಸದ್ದು ರೋಗಿಯನ್ನು ಹೆಚ್ಚು ಬಾಧಿಸುತ್ತದೆ, ಬಾಗಿಲ ಹೊರಗಿನ ಪಿಸುಮಾತು ಕ್ರೂರ, ಏಕೆಂದರೆ ಅದು ತನ್ನನ್ನು ಕುರಿತದ್ದೆಂದು ರೋಗಿ ಕಿವಿಗೊಡುತ್ತಾನೆ. ದಣಿವಿಗಿಂತ ಕಾಯುವಿಕೆ, ಅನಿಶ್ಚಯ, ಭಯಗಳೇ ಅವನನ್ನು ಕುಗ್ಗಿಸುತ್ತವೆ. ರೋಗಿ ಕತ್ತು ತಿರುಗಿಸಬೇಕಾಗದಂತೆ ಎದುರಿಗೆ ಕುಳಿತು ಮಾತಾಡಬೇಕು. ಬರಿಯ ಬಾಯುಪಚಾರದ ಭರವಸೆ ಅವನನ್ನು ಒಂಟಿಯಾಗಿಸುತ್ತದೆ. ಒಂದೇ ಗೋಡೆಯನ್ನು ನೋಡುತ್ತ ಮಲಗುವುದು ಹಿಂಸೆ. ಕಿಟಿಕಿಯಾಚೆಯ ನೋಟ, ಹೂವಿನ ಬಣ್ಣ ಔಷಧದಂತೆ. ತಾನು ಜ್ವರದಲ್ಲಿದ್ದಾಗ ಯಾರೋ ಕಳುಹಿಸಿದ ಕಾಡುಹೂಗಳಿಂದ ಚೇತರಿಕೆ ಚುರುಕಾದುದನ್ನು ಆಕೆ ನೆನೆದಿದ್ದಾಳೆ. ವಿಲ್‌ಹೆಲ್ಮ್ ವುಂಟನು ಜರ್ಮನಿಯ ಲೈಪ್‌ಸಿಗಿನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದುದು 1879ರಲ್ಲಿ. ಆಕೆ ಇದನ್ನು ಬರೆದುದು ಅದಕ್ಕಿಂತ ಇಪ್ಪತ್ತು ವರ್ಷ ಮೊದಲು.

ಸಾರ್ವಜನಿಕರು ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಕರುಣೆಯೊಂದೇ ಸಾಲದು, ಅದಕ್ಕೆ ಶಿಕ್ಷಣ ಬೇಕೆಂಬುದು ಅದರ ತಳಹದಿ. ರೋಗಿಯನ್ನು ನೋಡುವುದನ್ನೂ, ನೋಡಿದ್ದನ್ನು ಸರಿಯಾಗಿ ಹೇಳುವುದನ್ನೂ ಅಲ್ಲಿ ಕಲಿಸಿದರು.

ಭಾರತಕ್ಕೆ ಆಕೆ ಎಂದೂ ಬರಲಿಲ್ಲ. ಆದರೂ ಹಲವು ದಶಕಗಳ ಕಾಲ ಇಲ್ಲಿಯ ಆರೋಗ್ಯ, ಕ್ಷಾಮ, ನೀರಾವರಿಗಳ ಬಗ್ಗೆ ಲಂಡನ್ನಿನ ಕೋಣೆಯಿಂದಲೇ ಬರೆಯುತ್ತಿದ್ದಳು. ತುರ್ಕಿಯಲ್ಲಿ ಪರಿಚಿತನಾಗಿದ್ದ ಲಾರ್ಡ್ ನೇಪಿಯರನು 1866ರಲ್ಲಿ ಮದರಾಸಿನ ಗವರ್ನರನಾದಾಗ ಆತನೊಡನೆ ಈ ವಿಷಯಗಳನ್ನು ಚರ್ಚಿಸಿದಳು. ನಮ್ಮ ದಕ್ಷಿಣ ಕನ್ನಡ ಆಗ ಆ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಪದವಿ ಪಡೆದ ಮೊದಲ ಮಹಿಳೆಯೆನಿಸಿದಳು. 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯ ಗೌರವ ನೀಡಬಂದರೂ ಬಂಧುಗಳು ಒಪ್ಪಲಿಲ್ಲ. ಹಳ್ಳಿಯ ಇಗರ್ಜಿಯಲ್ಲಿರುವ ಆಕೆಯ ಕಲ್ಲಿನ ಮೇಲೆ ಹೆಸರಿನ ಮೊದಲಕ್ಷರಗಳೂ ಹುಟ್ಟು-ಸಾವಿನ ಕಾಲವೂ ಮಾತ್ರ ಇವೆ.

ಆಕೆ ಬಿತ್ತಿದ ಬೀಜ ನಮ್ಮ ನಾಡಿನಲ್ಲೂ ಬೆಳೆದಿದೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾಗಿ, 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಮಾನಸಿಕ ರೋಗಿಗಳ ಶುಶ್ರೂಷೆಯನ್ನೇ ವಿಶೇಷವಾಗಿ ಕಲಿಸುತ್ತಾರೆ. ಉಳಿದ ದಾದಿಯರಿಗೂ ಮನಶ್ಶಾಸ್ತ್ರ ಪಾಠವಾಗಿದೆ.

ತಂದೆಯವರು ಈಗ ಆ ಪ್ರಶ್ನೆ ಕೇಳುವುದಿಲ್ಲ. ನಾವೆಲ್ಲರೂ ದಾದಿಯರಾಗುವವರಲ್ಲ, ಸಹಪಾಠಿಗಳೇ. ಆದರೆ ರೋಗಿಯಿಲ್ಲದ ಮನೆಯಿಲ್ಲ. ನೋಡಲು ಹೋದಾಗ ಜಗಲಿಯಲ್ಲಿ ಪಿಸುಗುಟ್ಟದೆ, ಒಳಗೆ ಹೋಗಿ ಎದುರು ಕುಳಿತು ಮಾತಾಡುವುದನ್ನಾದರೂ ನಾವು ಈ ಮಹನೀಯಳಿಂದ ಕಲಿಯಬಹುದು. ಅಜ್ಜನ ಮಂಚ ಇಂದಿಗೂ ಆ ಕಿಟಿಕಿಯ ಬಳಿಯಲ್ಲೇ ಇದೆ.