ಕಂಪ್ಯೂಟರ್ ಯಾಕೆ ನಿಲ್ಲತ್ತೆ ಅಂತ ಎಣಿಸಿ ನೋಡಿದ ಜಿಮ್ ಗ್ರೇ

ಬ್ಯಾಂಕಿನ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ನೂರು ರೂಪಾಯಿ ಹೋಗಬೇಕು. ಒಂದರಲ್ಲಿ ಕಳೆಯಬೇಕು, ಇನ್ನೊಂದರಲ್ಲಿ ಕೂಡಬೇಕು. ಎರಡೂ ಆದರೆ ಸರಿ. ಎರಡೂ ಆಗದಿದ್ದರೂ ಪರವಾಗಿಲ್ಲ, ಇನ್ನೊಂದು ಸಲ ಪ್ರಯತ್ನಿಸಬಹುದು. ಕಳೆದಾದ ಮೇಲೆ, ಕೂಡೋದಕ್ಕೆ ಮುಂಚೆ ಕರೆಂಟ್ ಹೋದರೆ ಕಷ್ಟ. ಡಿಬಿಎಂಎಸ್ ಪಾಠದಲ್ಲಿ ನಾವು ಓದೋ ಟ್ರಾನ್ಸಾಕ್ಷನ್, ಲಾಕ್, ಲಾಗ್, ಟೂ-ಫೇಸ್ ಕಮಿಟ್ ಎಲ್ಲ ಇರೋದು ಈ ಕಷ್ಟ ತಪ್ಪಿಸೋಕೆ. ಪರೀಕ್ಷೆಯಲ್ಲಿ ಡೆಫಿನಿಷನ್ ಬರೆದು ಬರ್ತೀವಿ. ಆದರೆ ಇವನ್ನೆಲ್ಲ ಕಟ್ಟಿದವರಲ್ಲಿ ಮುಖ್ಯರಾದ ಜಿಮ್ ಗ್ರೇ ಅವರ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

ಜೇಮ್ಸ್ ನಿಕೋಲಸ್ ಗ್ರೇ ಹುಟ್ಟಿದ್ದು 1944ರ ಜನವರಿ 12ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಪ್ಪ ಸೈನ್ಯದಲ್ಲಿದ್ದರು, ಅಮ್ಮ ಟೀಚರ್. ಅಪ್ಪ-ಅಮ್ಮ ಬೇರೆಯಾದ ಮೇಲೆ ಅಮ್ಮನ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಬೆಳೆದರು. 1961ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದರು. ಓದಿನ ಖರ್ಚಿಗಾಗಿ ಜನರಲ್ ಡೈನಾಮಿಕ್ಸ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದರು, ಅಲ್ಲಿ ಮನ್ರೋ ಕ್ಯಾಲ್ಕುಲೇಟರ್ ಬಳಸೋದು ಕಲಿತರು. ಕೆಮಿಸ್ಟ್ರಿಯಲ್ಲಿ ಗ್ರೇಡ್ ಕೆಟ್ಟಿತು ಅಂತ ಬೇಜಾರಾಗಿ ಆರು ತಿಂಗಳು ಓದೋದನ್ನೇ ಬಿಟ್ಟಿದ್ದರು. ಹೊರಗಿನ ಕೆಲಸ ಅದಕ್ಕಿಂತ ಬೇಜಾರು ತರಿಸಿ ವಾಪಸ್ ಬಂದರು. 1966ರಲ್ಲಿ ಡಿಗ್ರಿ ಮುಗಿಸಿ, ಸ್ವಲ್ಪ ಕಾಲ ಬೆಲ್ ಲ್ಯಾಬ್ಸ್‌ನಲ್ಲಿದ್ದು, ಮತ್ತೆ ಬರ್ಕ್ಲಿಗೆ ಬಂದು 1969ರಲ್ಲಿ ಪಿಎಚ್‌ಡಿ ಪಡೆದರು. ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗದ ಮೊದಲ ಪಿಎಚ್‌ಡಿ ಅವರದೇ.

ಬೀಗ ಎಷ್ಟು ದೊಡ್ಡದಿರಬೇಕು?

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯ ಪೇಪರ್ ಬರೆದರು. ಗಣಿತವಾಗಿ ಚೆನ್ನಾಗಿದೆ, ಆದರೆ ಓಡಿಸಿದರೆ ನಿಧಾನ ಆಗತ್ತೆ ಅಂತ ಆಗ ಬಹಳ ಜನ ನಂಬಿದ್ದರು. ಅದು ನಿಜವೋ ಸುಳ್ಳೋ ಅಂತ ಕಟ್ಟಿಯೇ ನೋಡೋಣ ಅಂತ ಐಬಿಎಂನ ಸ್ಯಾನ್ ಹೋಸೆ ಲ್ಯಾಬ್‌ನಲ್ಲಿ ಶುರುವಾದ ಯೋಜನೆಯೇ ಸಿಸ್ಟಮ್ ಆರ್. ಎಸ್‌ಕ್ಯೂಎಲ್ ಹುಟ್ಟಿದ್ದೂ ಅಲ್ಲೇ. ಗ್ರೇ ಅದರಲ್ಲಿ ಒಂದೇ ಡೇಟಾವನ್ನು ಒಂದೇ ಸಲ ಹಲವರು ಮುಟ್ಟಿದಾಗ ಏನಾಗತ್ತೆ ಅನ್ನೋ ಭಾಗವನ್ನು ಹಿಡಿದರು.

ಇಡೀ ಟೇಬಲ್‌ಗೆ ಲಾಕ್ ಹಾಕಿದರೆ ಉಳಿದವರೆಲ್ಲ ಕಾಯಬೇಕು. ಒಂದೊಂದು ಸಾಲಿಗೂ ಹಾಕಿದರೆ ಲಾಕ್‌ಗಳ ಲೆಕ್ಕ ಇಡೋದೇ ದೊಡ್ಡ ಕೆಲಸ. ಗ್ರೇ ಮತ್ತು ಸಂಗಡಿಗರು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋ ದಾರಿ ಹುಡುಕಿದರು. ಹಾಸ್ಟೆಲ್ ನೆನೆಸಿಕೊಳ್ಳಿ. ನಿಮ್ಮ ರೂಮಿಗೆ ಬೀಗ ಹಾಕೋ ಮುಂಚೆ, ಒಳಗೆ ಯಾವುದೋ ರೂಮಿಗೆ ಬೀಗ ಬಿದ್ದಿದೆ ಅಂತ ಬ್ಲಾಕಿನ ಬಾಗಿಲಿಗೆ ಒಂದು ಚೀಟಿ ಅಂಟಿಸ್ತೀರಿ. ಇಡೀ ಬ್ಲಾಕ್ ಬೇಕಾದವರು ರೂಮ್ ರೂಮ್ ಹುಡುಕಬೇಕಿಲ್ಲ, ಚೀಟಿ ನೋಡಿದರೆ ಸಾಕು. ಇಂಟೆನ್ಷನ್ ಲಾಕ್ ಅಂದರೆ ಆ ಚೀಟಿ. ಮುಂದೆ 1978ರಲ್ಲಿ ಬರೆದ ಉದ್ದನೆಯ ಟಿಪ್ಪಣಿಗಳಲ್ಲಿ ಲಾಗ್ ಮೊದಲು, ಡೇಟಾ ಆಮೇಲೆ ಅನ್ನೋ ನಿಯಮವನ್ನೂ ಟೂ-ಫೇಸ್ ಕಮಿಟ್ ಅನ್ನೂ ವಿವರಿಸಿದರು.

ಟ್ಯಾಂಡೆಮ್‌ನ ಹತ್ತು ವರ್ಷ

1980ರಲ್ಲಿ ಗ್ರೇ ಐಬಿಎಂ ಬಿಟ್ಟು ಟ್ಯಾಂಡೆಮ್ ಕಂಪ್ಯೂಟರ್ಸ್ ಸೇರಿದರು. ಈ ಕಂಪನಿಯ ನಾನ್‌ಸ್ಟಾಪ್ ಯಂತ್ರ ಇವತ್ತಿನ ಕ್ಲಸ್ಟರ್‌ಗಳ ಹಿರಿಯಣ್ಣ. ಹಲವು ಪ್ರೊಸೆಸರ್, ಪ್ರತಿಯೊಂದಕ್ಕೂ ಅದರದೇ ಮೆಮೊರಿ, ಮಾತುಕತೆಯೆಲ್ಲ ಮೆಸೇಜ್ ಮೂಲಕ. ಡಿಸ್ಕ್‌ಗಳು ಜೋಡಿ ಜೋಡಿ. ಒಂದು ಪ್ರೊಸೆಸರ್ ಸತ್ತರೆ ಅದರ ಕೆಲಸವನ್ನು ಇನ್ನೊಂದರಲ್ಲಿ ಕಾದು ಕೂತ ಜೋಡಿ ಪ್ರೊಸೆಸ್ ಎತ್ತಿಕೊಳ್ಳತ್ತೆ. ಬ್ಯಾಂಕು, ಷೇರುಪೇಟೆಗಳು ಇದನ್ನು ಕೊಳ್ತಿದ್ದವು.

ಆ ಕಾಲದಲ್ಲಿ ಪ್ರತಿ ಕಂಪನಿಯೂ ನಮ್ಮ ಯಂತ್ರವೇ ವೇಗ ಅಂತ ಹೇಳ್ತಿತ್ತು. ಯಾವ ಕೆಲಸದಲ್ಲಿ, ಎಷ್ಟು ಡೇಟಾ ಇಟ್ಟುಕೊಂಡು, ಎಷ್ಟು ದುಡ್ಡಿಗೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಕೊಳ್ಳೋ ಬ್ಯಾಂಕಿಗೆ ಹೋಲಿಸೋಕೆ ದಾರಿಯೇ ಇಲ್ಲ. ಗ್ರೇ ಒಂದು ಅಳತೆಗೋಲಿನ ಕರಡು ಬರೆದು ಬೇರೆ ಬೇರೆ ಕಂಪನಿಗಳ ಗೆಳೆಯರಿಗೆ ಕಳಿಸಿ ತಿದ್ದಿಸಿದರು. 1985ರ ಏಪ್ರಿಲ್ 1ರಂದು ಅದು ಡೇಟಾಮೇಷನ್ ಪತ್ರಿಕೆಯಲ್ಲಿ ಬಂತು. ಲೇಖಕರ ಜಾಗದಲ್ಲಿ ಇದ್ದದ್ದು ಅನಾಮಿಕ ಮತ್ತು ಇತರರು ಅಂತ. ಒಂದು ಕಂಪನಿ ತನಗೆ ಬೇಕಾದ ಹಾಗೆ ಮಾಡಿಕೊಂಡ ಅಳತೆ ಅಂತ ಯಾರಿಗೂ ಅನ್ನಿಸಬಾರದಿತ್ತು.

ಆ ಅಳತೆಯ ಹೆಸರು ಡೆಬಿಟ್-ಕ್ರೆಡಿಟ್. ಒಂದು ಬ್ಯಾಂಕು, 1,000 ಶಾಖೆ, 10,000 ಟೆಲ್ಲರ್, 1 ಕೋಟಿ ಖಾತೆ. ಸೆಕೆಂಡಿಗೆ 100 ಟ್ರಾನ್ಸಾಕ್ಷನ್. ಪ್ರತಿ ಟ್ರಾನ್ಸಾಕ್ಷನ್ ಖಾತೆ, ಟೆಲ್ಲರ್, ಶಾಖೆ ಮೂರರ ಬಾಕಿಯನ್ನೂ ತಿದ್ದಿ ಹಿಸ್ಟರಿಗೆ ಒಂದು ಸಾಲು ಸೇರಿಸಬೇಕು. 100ಕ್ಕೆ 95 ಟ್ರಾನ್ಸಾಕ್ಷನ್‌ಗಳಿಗೆ ಒಂದು ಸೆಕೆಂಡಿನ ಒಳಗೆ ಉತ್ತರ ಬರಬೇಕು. ಇದು ಯಾಕೆ ಮುಖ್ಯ ಗೊತ್ತಾ? ಲೋಡ್ ಹೆಚ್ಚಿಸ್ತಾ ಹೋದರೆ ಸೆಕೆಂಡಿನ ಲೆಕ್ಕ ದೊಡ್ಡದಾಗಿ ಕಾಣಬಹುದು, ಆದರೆ ಕೌಂಟರ್ ಮುಂದೆ ನಿಂತವರು ಕಾಯ್ತಾನೇ ಇರ್ತಾರೆ. ಇನ್ನೊಂದು ನಿಯಮ, ವೇಗ ಹೆಚ್ಚು ಅಂತ ಹೇಳಿಕೊಂಡರೆ ಅದಕ್ಕೆ ತಕ್ಕಂತೆ ಖಾತೆ, ಶಾಖೆಗಳ ಸಂಖ್ಯೆಯೂ ಹೆಚ್ಚಬೇಕು. ಪುಟ್ಟ ಡೇಟಾಬೇಸನ್ನು ಪೂರ್ತಿ ಮೆಮೊರಿಗೆ ತುಂಬಿಕೊಂಡು ಓಡೋ ಹಾಗಿಲ್ಲ. ಕೊನೆಗೆ ಐದು ವರ್ಷದ ಒಟ್ಟು ಖರ್ಚನ್ನು ಈ ವೇಗದಿಂದ ಭಾಗಿಸಿ ಹೇಳಬೇಕು.

ಆಮೇಲೂ ಕಂಪನಿಗಳು ನಿಯಮ ಸಡಿಲ ಮಾಡಿಕೊಂಡು ಅಂಕಿ ಹೇಳಿದ್ದುಂಟು. ಅದನ್ನು ತಡೆಯೋಕೆ 1988ರಲ್ಲಿ ಒಮ್ರಿ ಸರ್ಲಿನ್ ಮುಂದಾಳತ್ವದಲ್ಲಿ ಟಿಪಿಸಿ ಅನ್ನೋ ಕೂಟ ಹುಟ್ಟಿತು. ಡೆಬಿಟ್-ಕ್ರೆಡಿಟ್ ಅನ್ನೇ ಬಿಗಿ ಮಾಡಿ 1989ರಲ್ಲಿ ಟಿಪಿಸಿ-ಎ, ಆಮೇಲೆ 1992ರಲ್ಲಿ ಟಿಪಿಸಿ-ಸಿ ಬಂದವು.

ಟ್ಯೂನಿಂಗ್ ಅಂದರೆ ದುಡ್ಡಿನ ಲೆಕ್ಕವೂ ಹೌದು ಅಂತ ಗ್ರೇ ಇನ್ನೊಂದು ಕಡೆ ತೋರಿಸಿದರು. 1987ರಲ್ಲಿ ಫ್ರಾಂಕೊ ಪುಟ್ಜೊಲು ಜೊತೆ ಬರೆದ ಐದು ನಿಮಿಷದ ನಿಯಮ ಅದು. ಪ್ರಶ್ನೆ ಸರಳ: ಯಾವ ಡೇಟಾ ಮೆಮೊರಿಯಲ್ಲಿರಬೇಕು, ಯಾವುದು ಡಿಸ್ಕ್‌ನಲ್ಲಿ? ಆಗ ಸೆಕೆಂಡಿಗೆ ಒಂದು ಸಲ ಡಿಸ್ಕ್ ಓದೋ ಸಾಮರ್ಥ್ಯಕ್ಕೆ ಎಲ್ಲ ಸೇರಿ ಸುಮಾರು 2,000 ಡಾಲರ್ ಬೀಳ್ತಿತ್ತು. ಒಂದು ಕಿಲೋಬೈಟ್ ಮೆಮೊರಿಗೆ 5 ಡಾಲರ್. 2,000ವನ್ನು 5ರಿಂದ ಭಾಗಿಸಿದರೆ 400. ಅಂದರೆ 400 ಸೆಕೆಂಡಿನೊಳಗೆ ಮತ್ತೆ ಬೇಕಾಗೋ ಕಿಲೋಬೈಟ್ ಮೆಮೊರಿಯಲ್ಲೇ ಇರೋದು ಅಗ್ಗ. ಹೆಚ್ಚು ಕಡಿಮೆ ಐದು ನಿಮಿಷ. 1997ರಲ್ಲಿ ಗೊಯೆಟ್ಸ್ ಗ್ರೇಫ್ ಜೊತೆ ಹೊಸ ಬೆಲೆಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿದರು. ಹತ್ತು ವರ್ಷದಲ್ಲಿ ಬೆಲೆಗಳೆಲ್ಲ ಕುಸಿದಿದ್ದರೂ ನಿಯಮ ನಿಂತಿತ್ತು.

ಕೆಡಿಸಿದ್ದು ಯಾರು?

ನಾನ್‌ಸ್ಟಾಪ್ ಅಂತ ಹೆಸರಿಟ್ಟ ಯಂತ್ರವೂ ಆಗಾಗ ನಿಲ್ತಿತ್ತು. ಬೇರೆಯವರಾಗಿದ್ದರೆ ಅದನ್ನು ಮುಚ್ಚಿಡ್ತಿದ್ದರೇನೋ. ಗ್ರೇ 2,000ಕ್ಕೂ ಹೆಚ್ಚು ಟ್ಯಾಂಡೆಮ್ ಸಿಸ್ಟಮ್‌ಗಳ ಏಳು ತಿಂಗಳ ವೈಫಲ್ಯದ ವರದಿಗಳನ್ನು ಕೂತು ಓದಿ, ವಿಂಗಡಿಸಿ, 1985ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್‌ಗಳು ಯಾಕೆ ನಿಲ್ಲುತ್ತವೆ, ಅದಕ್ಕೇನು ಮಾಡಬಹುದು ಅನ್ನೋದೇ ಅದರ ತಲೆಬರಹ.

ವೈಫಲ್ಯಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೊಸದಾಗಿ ಬಂದ, ಇನ್ನೂ ಪಳಗದ ಹಾರ್ಡ್‌ವೇರ್ ಅಥವಾ ಸಾಫ್ಟ್‌ವೇರಿನದು. ಅವನ್ನು ಬದಿಗಿಟ್ಟು ನೋಡಿದರೆ ಹಾರ್ಡ್‌ವೇರಿನ ಪಾಲು 18 ಶೇಕಡಾ, ಸಾಫ್ಟ್‌ವೇರಿನದು 25, ಕರೆಂಟು ಮತ್ತಿತರ ಪರಿಸರದ ಕಾರಣ 14. ಎಲ್ಲಕ್ಕಿಂತ ದೊಡ್ಡ ಪಾಲು, 42 ಶೇಕಡಾ, ಯಂತ್ರವನ್ನು ನೋಡಿಕೊಳ್ಳೋ ಕೆಲಸದ್ದು. ರಿಪೇರಿ, ಕಾನ್ಫಿಗರೇಷನ್, ಆಪರೇಟರ್ ಕೈತಪ್ಪು. ಅಂದರೆ ಸರಿ ಮಾಡೋಕೆ ಅಂತ ಒಳಗೆ ಕೈ ಹಾಕಿದಾಗಲೇ ಹೆಚ್ಚು ಕೆಡ್ತಿತ್ತು.

ಇದರಿಂದ ಅವರು ಎಳೆದ ತೀರ್ಮಾನ ಇವತ್ತಿಗೂ ಅಪ್‌ಗ್ರೇಡ್ ಮಾಡೋರೆಲ್ಲ ಓದಬೇಕಾದ್ದು. ಹಾರ್ಡ್‌ವೇರ್ ತಿದ್ದುಪಡಿ ಬಂದರೆ ಬೇಗ ಹಾಕಿ. ಸಾಫ್ಟ್‌ವೇರ್ ತಿದ್ದುಪಡಿಯನ್ನು ಆ ದೋಷ ನಿಮ್ಮನ್ನೇ ಕಾಡ್ತಿದ್ದರೆ ಮಾತ್ರ ತಕ್ಷಣ ಹಾಕಿ. ಇಲ್ಲದಿದ್ದರೆ ದೊಡ್ಡ ರಿಲೀಸಿಗೆ ಕಾಯಿರಿ, ನಿಮ್ಮದೇ ವಾತಾವರಣದಲ್ಲಿ ಪರೀಕ್ಷಿಸಿ ಆಮೇಲೆ ಹಾಕಿ. ಆಪರೇಟರ್‌ನನ್ನು ಬೈದು ಪ್ರಯೋಜನ ಇಲ್ಲ, ಅವನು ತಪ್ಪು ಮಾಡೋ ಅವಕಾಶಗಳನ್ನು ಕಡಿಮೆ ಮಾಡಿ. ಸೆಕ್ಯುರಿಟಿ ಪ್ಯಾಚ್‌ಗಳ ಈ ಕಾಲದಲ್ಲಿ ಕಾಯೋ ಮಾತು ಪೂರ್ತಿ ಒಪ್ಪಲ್ಲ ನಿಜ. ಆದರೆ ಪರೀಕ್ಷಿಸದೆ ಹಾಕಬೇಡಿ ಅನ್ನೋ ಭಾಗ ಹಾಗೇ ಇದೆ.

ಅದೇ ಪೇಪರಿನಲ್ಲಿ ಇನ್ನೊಂದು ಕುತೂಹಲದ ಲೆಕ್ಕ. ಒಂದು ಕಡೆ ದಾಖಲಾದ 132 ಸಾಫ್ಟ್‌ವೇರ್ ದೋಷಗಳಲ್ಲಿ ಮತ್ತೆ ಓಡಿಸಿದಾಗಲೂ ಹಾಗೇ ಬಂದಿದ್ದು ಒಂದೇ ಒಂದು. ಉಳಿದ 131 ಹುಡುಕಲು ಹೋದರೆ ಮಾಯವಾಗೋ ಜಾತಿ, ಅಂದರೆ ಹೈಸನ್‌ಬಗ್. ಹಾಗಾಗಿಯೇ ಕ್ಲಸ್ಟರ್‌ನಲ್ಲಿ ಒಂದು ನೋಡ್ ಬಿದ್ದಾಗ ಅದೇ ಕೆಲಸವನ್ನು ಇನ್ನೊಂದು ನೋಡ್ ಮತ್ತೆ ಮಾಡಿದರೆ ಸಾಮಾನ್ಯವಾಗಿ ಗೆಲ್ಲತ್ತೆ.

ಕ್ಲಸ್ಟರ್ ಅಂದರೆ ಎಲ್ಲಕ್ಕೂ ಔಷಧಿ ಅಂತಲೂ ಅವರು ನಂಬಲಿಲ್ಲ. 1996ರಲ್ಲಿ ಪ್ಯಾಟ್ ಹೆಲಂಡ್ ಮೊದಲಾದವರ ಜೊತೆ ಬರೆದ ಪೇಪರಿನಲ್ಲಿ ಒಂದು ಎಚ್ಚರಿಕೆ ಇದೆ. ಎಲ್ಲ ನೋಡ್‌ನಲ್ಲೂ ಪ್ರತಿ ಇಟ್ಟು, ಯಾವ ನೋಡ್‌ನಿಂದ ಬೇಕಾದರೂ ತಿದ್ದಬಹುದು, ತಿದ್ದಿದ ಕೂಡಲೇ ಎಲ್ಲ ಪ್ರತಿಗಳೂ ಬದಲಾಗಬೇಕು ಅಂತ ಇಟ್ಟುಕೊಂಡರೆ, ನೋಡ್ 10 ಪಟ್ಟು ಆದಾಗ ಡೆಡ್‌ಲಾಕ್ 1,000 ಪಟ್ಟು ಆಗತ್ತೆ. ಎರಡು ನೋಡ್ ಇಟ್ಟುಕೊಂಡ ಡೆಮೊ ಚೆನ್ನಾಗಿ ಓಡಿತು ಅಂತ ಇಪ್ಪತ್ತಕ್ಕೆ ಹೋದವರಿಗೆ ಇದು ಅನುಭವಕ್ಕೆ ಬರತ್ತೆ.

ಆಕಾಶ, ಆಮೇಲೆ ಸಮುದ್ರ

1990ರಿಂದ ಡಿಇಸಿ ಕಂಪನಿಯಲ್ಲಿದ್ದು, 1995ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಬರಲ್ಲ ಅಂದಿದ್ದಕ್ಕೆ ಕಂಪನಿ ಅಲ್ಲೇ ಲ್ಯಾಬ್ ತೆರೆಯಿತು. ಈ ಮಧ್ಯೆ ಆಂಡ್ರಿಯಾಸ್ ರಾಯ್ಟರ್ ಜೊತೆ ಟ್ರಾನ್ಸಾಕ್ಷನ್ ಬಗ್ಗೆ ಸಾವಿರ ಪುಟ ದಾಟಿದ ಪುಸ್ತಕ ಬರೆದಿದ್ದರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು.

ಅದೇ ವರ್ಷ ಭೂಮಿಯ ಉಪಗ್ರಹ ಮತ್ತು ವಿಮಾನ ಚಿತ್ರಗಳನ್ನು ಡೇಟಾಬೇಸ್‌ನಲ್ಲಿಟ್ಟು ಎಲ್ಲರಿಗೂ ತೆರೆದ ಟೆರಾಸರ್ವರ್ ಬಂತು. ಆಮೇಲೆ ಖಗೋಳ ವಿಜ್ಞಾನಿ ಅಲೆಕ್ಸ್ ಸಲಾಯ್ ಜೊತೆ ಸ್ಕೈಸರ್ವರ್. ಅಲ್ಲಿ ಗ್ರೇ ಮೊದಲು ಟೇಬಲ್ ಬರೆಯಲಿಲ್ಲ. ಈ ಡೇಟಾವನ್ನು ನೀವು ಕೇಳಬೇಕೆಂದಿರೋ 20 ಪ್ರಶ್ನೆ ಕೊಡಿ ಅಂತ ವಿಜ್ಞಾನಿಗಳನ್ನು ಕೇಳಿದರು. ಸ್ಕೀಮಾ, ಇಂಡೆಕ್ಸ್ ಎಲ್ಲ ಆ ಪ್ರಶ್ನೆಗಳನ್ನು ನೋಡಿಕೊಂಡೇ ಆದವು. ಟೆರಾಬೈಟ್‌ಗಟ್ಟಲೆ ಡೇಟಾವನ್ನು ನೆಟ್‌ವರ್ಕ್‌ನಲ್ಲಿ ಕಳಿಸೋದು ದುಬಾರಿ ಅಂತ ಲೆಕ್ಕ ಹಾಕಿ, ಡಿಸ್ಕ್ ತುಂಬಿದ ಕಂಪ್ಯೂಟರನ್ನೇ ಪಾರ್ಸೆಲ್ ಮಾಡಿದ್ದೂ ಉಂಟು. ಪರಿಚಯ ಇಲ್ಲದ ವಿದ್ಯಾರ್ಥಿಗಳು ಪೇಪರ್ ಕಳಿಸಿದರೂ ಓದಿ ತಿದ್ದಿ ಉತ್ತರ ಬರೀತಿದ್ದರು ಅಂತ ಅವರನ್ನು ಬಲ್ಲವರೆಲ್ಲ ನೆನೆಸಿಕೊಳ್ತಾರೆ.

2007ರ ಜನವರಿ 28, ಭಾನುವಾರ. ತೀರಿಹೋಗಿದ್ದ ಅಮ್ಮನ ಚಿತಾಭಸ್ಮವನ್ನು ಸಮುದ್ರದಲ್ಲಿ ಬಿಡೋಕೆ ಗ್ರೇ 40 ಅಡಿಯ ತಮ್ಮ ಹಾಯಿದೋಣಿ ಟೆನೇಶಿಯಸ್‌ನಲ್ಲಿ ಒಬ್ಬರೇ ಫ್ಯಾರಲನ್ ದ್ವೀಪಗಳ ಕಡೆಗೆ ಹೊರಟರು. ಹವಾಮಾನ ಚೆನ್ನಾಗಿತ್ತು. ತುರ್ತು ಸಂದೇಶ ಯಾವುದೂ ಬರಲಿಲ್ಲ. ಅವರು ವಾಪಸ್ ಬರಲಿಲ್ಲ.

ಕೋಸ್ಟ್ ಗಾರ್ಡ್ ದಿನಗಟ್ಟಲೆ ಹುಡುಕಿ ಕೈಬಿಟ್ಟ ಮೇಲೂ ಗೆಳೆಯರು ಬಿಡಲಿಲ್ಲ. ಉಪಗ್ರಹಗಳಿಂದ ಸಮುದ್ರದ ಚಿತ್ರ ತರಿಸಿ, ಚೂರು ಚೂರು ಮಾಡಿ ಅಮೆಜಾನ್‌ನ ಮೆಕ್ಯಾನಿಕಲ್ ಟರ್ಕ್‌ಗೆ ಹಾಕಿದರು. ಸಾವಿರಾರು ಅಪರಿಚಿತರು ಮನೆಯಲ್ಲಿ ಕೂತು ಒಂದೊಂದೇ ಚೂರು ನೋಡಿದರು. ದೋಣಿ ಸಿಗಲಿಲ್ಲ. ಸಮುದ್ರದ ತಳವನ್ನು ಸೋನಾರ್‌ನಿಂದ ಹುಡುಕಿದಾಗಲೂ ಸಿಗಲಿಲ್ಲ. ಐದು ವರ್ಷ ಕಳೆದು 2012ರಲ್ಲಿ ನ್ಯಾಯಾಲಯ ಅವರು ತೀರಿಕೊಂಡಿದ್ದಾರೆ ಅಂತ ಘೋಷಿಸಿತು. ಅಷ್ಟು ದಿನ ಮನೆಯವರಿಗೆ ಇದ್ದಾರೆ ಅನ್ನೋಕೂ ಆಗದೆ, ಇಲ್ಲ ಅನ್ನೋಕೂ ಆಗದೆ ಹೋಯಿತು.

ಡೇಟಾಬೇಸ್ ವಿಷಯದ ಅತ್ಯುತ್ತಮ ಪಿಎಚ್‌ಡಿ ಪ್ರಬಂಧಕ್ಕೆ ಎಸಿಎಂನ ಸಿಗ್‌ಮಾಡ್ ಕೊಡೋ ಪ್ರಶಸ್ತಿಗೆ ಈಗ ಅವರ ಹೆಸರಿದೆ. ನಮಗೆ ಉಳಿದಿರೋದು ಅದಕ್ಕಿಂತ ಹತ್ತಿರದ್ದು. ಫೈನಲ್ ಇಯರ್ ಪ್ರಾಜೆಕ್ಟ್ ನಿಧಾನ ಆಯಿತು ಅಂತ ಕಂಡಕಂಡಲ್ಲಿ ಇಂಡೆಕ್ಸ್ ಹಾಕೋ ಮುಂಚೆ, ಅಥವಾ ಇನ್ನೊಂದು ಸರ್ವರ್ ಸೇರಿಸೋ ಮುಂಚೆ, ಒಂದು ಹಾಳೆ ತಗೊಳ್ಳಿ. ಯಾವ ಕೆಲಸ, ಸೆಕೆಂಡಿಗೆ ಎಷ್ಟು, 100ರಲ್ಲಿ 95 ಎಷ್ಟು ಹೊತ್ತಿಗೆ ಮುಗೀತಿವೆ, ಇದಕ್ಕೆ ಖರ್ಚೆಷ್ಟು ಅಂತ ಬರೆಯಿರಿ. ಅಪ್‌ಗ್ರೇಡ್ ಆದರೆ ಇನ್ನೂ ಒಂದು ಸಾಲು: ಕೆಟ್ಟರೆ ಹಿಂದಕ್ಕೆ ಹೋಗೋದು ಹೇಗೆ. ಆಮೇಲೆ ಕೀಬೋರ್ಡ್ ಮುಟ್ಟಿ.